ಜೈಲು ಆಸ್ಪತ್ರೆಯಲ್ಲಿ ನಶೆ ಬಿಡಿಸುವ ನರ್ಸ್ ಕೆಲಸ: ಮೊದಲ ನಾಲ್ಕು ರಾತ್ರಿ, ಆಮೇಲಿನ ದಿನಗಳು

ಜೈಲು ಆಸ್ಪತ್ರೆಗೆ ಪೋಸ್ಟಿಂಗ್ ಆರ್ಡರ್ ಬಂದ ದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನೈಟ್ ಡ್ಯೂಟಿನೂ ಇರುತ್ತೇನೇ?" ಇರುತ್ತೆ ಅಂದೆ. ಅಮ್ಮ ನನಗೋಸ್ಕರ ಹೆದರಿದ್ದಳು. ಒಳಗೆ ಹೋಗಿ ಹದಿನೈದು ದಿನ ಆದ ಮೇಲೆ ಗೊತ್ತಾಯಿತು, ರಾತ್ರಿಗೆ ಹೆದರಬೇಕಾದವನು ಅವತ್ತು ಸಂಜೆ ಕೋರ್ಟಿನಿಂದ ಹೊಸದಾಗಿ ಬಂದ ಕುಡಿತದ ಮನುಷ್ಯ. ಸಂಜೆ ಆರು, ಆರೂವರೆಗೆ ಬ್ಯಾರಕ್‌ಗೆ ಬೀಗ ಬಿದ್ದರೆ ಮತ್ತೆ ತೆಗೆಯೋದು ಬೆಳಗ್ಗೆಯೇ. ಮಧ್ಯೆ ಅವನಿಗೆ ಫಿಟ್ಸ್ ಬಂದರೆ ಯಾರಾದರೂ ಕೂಗಬೇಕು, ಆ ಕೂಗು ಕಾವಲಿನವರಿಗೆ ಕೇಳಬೇಕು, ಅವರು ಮೇಲಿನವರಿಗೆ ಹೇಳಬೇಕು, ಕೀ ಬರಬೇಕು, ಆಮೇಲೆ ನಾವು.

ನಮ್ಮ ರಾಜ್ಯದ ಯಾವುದೋ ಸೆಂಟ್ರಲ್ ಜೈಲಿಗೋ ಜಿಲ್ಲಾ ಜೈಲಿಗೋ ಹೊಸದಾಗಿ ಹೋಗುತ್ತಿರುವ ಸ್ಟಾಫ್ ನರ್ಸ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಮಾತ್ರೆ, ಎಷ್ಟು ಅನ್ನೋದು ಡಾಕ್ಟರ ಕೆಲಸ. ಡಾಕ್ಟರು ಮನೆಗೆ ಹೋದ ಮೇಲೆ ನಮ್ಮ ತಲೆ ಮೇಲೆ ಬೀಳುವುದರ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ.

ಕೆಲಸ ಎಷ್ಟಿದೆ ಅಂತ ಮೊದಲು ತಿಳಿದುಕೊಳ್ಳಿ. ನಿಮ್ಹಾನ್ಸ್ ತಂಡ ಬೆಂಗಳೂರು ಸೆಂಟ್ರಲ್ ಜೈಲಿನ 5,024 ಬಂಧಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಕೊಟ್ಟಿತ್ತು. ಶೇ. 79.6 ಮಂದಿಗೆ ಮಾನಸಿಕ ಕಾಯಿಲೆ ಅಥವಾ ನಶೆಯ ತೊಂದರೆ ಇತ್ತು. ನಶೆಯನ್ನು ಪಕ್ಕಕ್ಕಿಟ್ಟು ಎಣಿಸಿದಾಗ ಅದು ಶೇ. 27.6ಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಇದೆಯಲ್ಲ ವ್ಯತ್ಯಾಸ, ಅದೇ ನಮ್ಮ ಕೆಲಸ.

ಇನ್ನು ಓದು. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇದ್ದರೆ ಸಾಕು, ಬೇರೆ ಡಿಗ್ರಿ ಯಾರೂ ಕೇಳಲ್ಲ. ಆದರೆ ಅವಕಾಶ ಇದ್ದರೆ ಒಂದು ವರ್ಷದ ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಮಾಡಿ. ಅದೂ ಆಗದಿದ್ದರೆ ಯಾವುದಾದರೂ ಡಿಅಡಿಕ್ಷನ್ ವಾರ್ಡಿನಲ್ಲಿ ಎರಡು ವಾರ ಸುಮ್ನೆ ನಿಂತು ನೋಡಿಕೊಂಡು ಬನ್ನಿ. ನಾನು ಹಾಗೆ ಮಾಡದೆ ನೇರವಾಗಿ ಹೋದೆ, ಅದರ ಕಷ್ಟ ಮುಂದೆ ಹೇಳ್ತೀನಿ.

ಗೇಟಿನಲ್ಲಿ ಏನು ಕೇಳಬೇಕು

ಹೊಸಬರು ಬರೋದು ಜಾಸ್ತಿ ಸಂಜೆಗೆ. ಕೋರ್ಟ್ ಮುಗಿದ ಮೇಲೆ ಪೊಲೀಸ್ ವ್ಯಾನ್ ಬರುತ್ತೆ, ಎಂಟು ಹತ್ತು ಜನ ಒಟ್ಟಿಗೆ ಇಳಿಯುತ್ತಾರೆ. ಹೆಸರು ಬರೆಸಿ, ತಪಾಸಣೆ ಮುಗಿಸಿ ನಿಮ್ಮ ಮುಂದೆ ಬಂದು ನಿಲ್ಲುವಾಗ ಹಿಂದೆ ಒಬ್ಬರು "ಬೇಗ ಮುಗಿಸಿ ಸಿಸ್ಟರ್, ಲಾಕಪ್ ಟೈಮ್ ಆಯ್ತು" ಅಂತಿರುತ್ತಾರೆ. ಬೇಗ ಮುಗಿಸಬೇಡಿ. ಒಬ್ಬೊಬ್ಬರಿಗೆ ಐದು ನಿಮಿಷವಾದರೂ ಬೇಕು.

"ಕುಡೀತೀರಾ?" ಅಂತ ಕೇಳಿದರೆ "ಇಲ್ಲ ಮೇಡಂ" ಅನ್ನೋದು ಗ್ಯಾರಂಟಿ. ಪೊಲೀಸರು ಪಕ್ಕದಲ್ಲೇ ಇರುತ್ತಾರೆ, ಒಪ್ಪಿಕೊಂಡರೆ ಕೇಸಿಗೆ ಇನ್ನೊಂದು ಸೇರುತ್ತೇನೋ ಅಂತ ಭಯ. ಅದಕ್ಕೇ ಮೊದಲು ಪೊಲೀಸರನ್ನು ನಾಲ್ಕು ಹೆಜ್ಜೆ ದೂರ ನಿಲ್ಲೋಕೆ ಹೇಳಿ. ಅವರು ಕಾಣಬೇಕು, ಆದರೆ ಮಾತು ಅವರಿಗೆ ಕೇಳಬಾರದು. ಆಮೇಲೆ ಪ್ರಶ್ನೆಯನ್ನು ಹೀಗೆ ಹಾಕಿ: "ಕೊನೆಗೆ ಯಾವಾಗ ತಗೊಂಡ್ರಿ? ಎಷ್ಟು ಹೊತ್ತಿಗೆ?" ತಗೊಳ್ಳೋದು ಹೌದೋ ಅಲ್ಲವೋ ಅನ್ನೋ ಪ್ರಶ್ನೆಯನ್ನೇ ಹಾರಿಸಿಬಿಡಿ. ಹತ್ತರಲ್ಲಿ ಏಳು ಜನ ನಿಜ ಹೇಳಿಬಿಡುತ್ತಾರೆ, ನನ್ನ ಲೆಕ್ಕ ಇದು, ಯಾವ ವರದಿಯದ್ದೂ ಅಲ್ಲ.

ಅದಾದ ಮೇಲೆ, ಬೆಳಗ್ಗೆ ಎದ್ದ ಕೂಡಲೇ ಒಂದು ಬೇಕಾಗುತ್ತಾ? ಕುಡಿಯದ ದಿನ ಕೈ ನಡುಗುತ್ತಾ? ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇಲ್ಲದ್ದೇನಾದರೂ ಕಂಡಿತ್ತಾ? ಈ ಕೊನೆಯ ಪ್ರಶ್ನೆಗೆ ಹೌದು ಅಂದವರನ್ನು ಯಾರು ಏನೇ ಹೇಳಲಿ ಜನರಲ್ ಬ್ಯಾರಕ್‌ಗೆ ಕಳಿಸಬೇಡಿ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಜಾಸ್ತಿ.

ಮಾತ್ರೆಗಳ ಬಗ್ಗೆ ಬೇರೆಯಾಗಿ ಕೇಳಬೇಕು, ಯಾಕೆಂದರೆ ಮಾತ್ರೆಯನ್ನು ಅವರು ನಶೆ ಅಂತಲೇ ಲೆಕ್ಕ ಹಾಕಿರಲ್ಲ. "ನಿದ್ದೆಗೆ ಏನಾದರೂ ತಗೊಳ್ತಿದ್ರಾ? ಮೆಡಿಕಲ್‌ನಲ್ಲಿ ಸಿಗೋದು?" ಅಂತ ಕೇಳಿ. ನೈಟ್ರಜೆಪಾಮ್, ಆಲ್ಪ್ರಜೋಲಾಮ್ ತರದ ನಿದ್ದೆ ಮಾತ್ರೆ ದಿನಾ ತಗೊಂಡವರಿಗೂ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದೂ ಕೆಲವೊಮ್ಮೆ ಕುಡಿತದವರಿಗಿಂತ ತಡವಾಗಿ, ವಾರ ಕಳೆದ ಮೇಲೂ. ಇನ್ನು ಟಪೆಂಟಡಾಲ್ ನೋವಿನ ಮಾತ್ರೆಯನ್ನು ಪುಡಿ ಮಾಡಿ ನರಕ್ಕೆ ಚುಚ್ಚಿಕೊಳ್ಳುವ ಹುಡುಗರು. ತೋಳು ಮಡಚುವ ಕಡೆ ನೋಡಿ. ತುಂಬು ತೋಳಿನ ಅಂಗಿ ಹಾಕಿಕೊಂಡು ಬಂದಿದ್ದರೆ "ಬಿಪಿ ನೋಡಬೇಕು" ಅಂತ ಮಡಚಿಸಿ.

ಒಂದು ಮಾತು. ನಾನು ಎಲ್ಲರಿಗೂ "ನೀವು" ಅಂತಲೇ ಅನ್ನುತ್ತೇನೆ. ಮೊದಲು ಸಿಬ್ಬಂದಿ ನಕ್ಕರು, "ಏನ್ ಸಿಸ್ಟರ್, ಅಳಿಯಂದಿರನ್ನ ಮಾತಾಡಿಸಿದ ಹಾಗೆ ಮಾತಾಡಿಸ್ತೀರಿ" ಅಂತ. ನಗಲಿ ಬಿಡಿ. ಅವತ್ತು ಬೆಳಗ್ಗಿಂದ ಅವನನ್ನು ಯಾರೂ ಹಾಗೆ ಕರೆದಿರಲ್ಲ, ಆ ಒಂದು ಮಾತಿಗೆ ನಿಜ ಹೊರಗೆ ಬರುತ್ತೆ. ಕೇಸ್ ಏನು ಅಂತ ಮಾತ್ರ ಕೇಳಲೇಬೇಡಿ. ಗೊತ್ತಾದರೆ ಕೈ ಬೇರೆ ಥರ ಕೆಲಸ ಮಾಡುತ್ತೆ, ನನ್ನದೂ ಮಾಡಿದೆ.

ಗಂಟೆ ಲೆಕ್ಕ

ಕೊನೆಯ ಗುಟುಕಿನ ಟೈಮನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆಯಿರಿ. ಜೈಲಿಗೆ ಬಂದ ಟೈಮ್ ಬರೆದರೆ ಪ್ರಯೋಜನ ಇಲ್ಲ. ಬಂಧಿಸಿ 24 ಗಂಟೆಯೊಳಗೆ ಕೋರ್ಟಿಗೆ ಹಾಜರು ಮಾಡಬೇಕು ಅಂತ ಕಾನೂನು ಇದೆ, ಅಂದರೆ ನಿಮ್ಮ ಹತ್ತಿರ ಬರುವಷ್ಟರಲ್ಲಿ ಅವನು ಆಗಲೇ ಒಂದು ದಿನ ಕುಡಿದಿರಲ್ಲ.

ಉದಾಹರಣೆಗೆ, ಸೋಮವಾರ ರಾತ್ರಿ 10ಕ್ಕೆ ಕೊನೆಯ ಕ್ವಾರ್ಟರ್ ಅಂತಿಟ್ಟುಕೊಳ್ಳಿ. ಮಂಗಳವಾರ ಸಂಜೆ 7ಕ್ಕೆ ನಿಮ್ಮ ಮುಂದೆ ನಿಂತಾಗ 21 ಗಂಟೆ ಆಗಿರುತ್ತೆ. ಕೈ ನಡುಕ, ಬೆವರು, ವಾಂತಿ ಶುರುವಾಗೋದು 6ರಿಂದ 8 ಗಂಟೆಗೆ, ಅದು ಸ್ಟೇಷನ್ನಿನಲ್ಲೇ ಶುರುವಾಗಿ ಆಗಿದೆ. ಫಿಟ್ಸ್ ಬರೋದು ಹೆಚ್ಚಾಗಿ ಮೊದಲ 48 ಗಂಟೆಯೊಳಗೆ, ಅಂದರೆ ಬುಧವಾರ ರಾತ್ರಿಯವರೆಗೆ. ಸನ್ನಿ, ಅದೇ ಡಾಕ್ಟರು ಡಿಟಿ ಅಂತಾರಲ್ಲ, ಅದು 48ರಿಂದ 96 ಗಂಟೆ, ಅಂದರೆ ಬುಧವಾರ ರಾತ್ರಿಯಿಂದ ಶುಕ್ರವಾರ ರಾತ್ರಿವರೆಗೆ. ಹೀಗೆ ವಾರದ ಹೆಸರು ಹಾಕಿ ಬರೆದಿಟ್ಟರೆ ಮುಂದಿನ ಶಿಫ್ಟಿನವರಿಗೂ ಯಾವ ರಾತ್ರಿ ಕಣ್ಣಿಡಬೇಕು ಅಂತ ಗೊತ್ತಾಗುತ್ತೆ. ಬುಧವಾರ ಬೆಳಗ್ಗೆ "ಆರಾಮಾಗಿದೀನಿ ಸಿಸ್ಟರ್, ಬ್ಯಾರಕ್‌ಗೆ ಕಳಿಸಿ" ಅಂತ ಅವನೇ ಕೇಳ್ತಾನೆ. ಶನಿವಾರದವರೆಗೆ ಕಳಿಸಬೇಡಿ.

ಕುಡಿತ ಬಿಟ್ಟಾಗಿನ ತೊಂದರೆ ಎಷ್ಟಿದೆ ಅಂತ ಅಂಕ ಹಾಕೋಕೆ ಸಿವಾ (CIWA-Ar) ಅನ್ನೋ ಪಟ್ಟಿ ಇದೆ, ಹತ್ತು ಅಂಶ, ಒಟ್ಟು 67. ಎಂಟಕ್ಕಿಂತ ಕಡಿಮೆ ಇದ್ದರೆ ನಿಗಾ ಸಾಕು, 15 ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಡಾಕ್ಟರಿಗೆ ಫೋನ್ ಮಾಡಿ. ಪಟ್ಟಿ ಸಿಗದ ದಿನ ನಾನು ಮಾಡೋದು ಇಷ್ಟು. ಸ್ಟೀಲ್ ಲೋಟಕ್ಕೆ ಕಂಠಮಟ್ಟ ನೀರು ತುಂಬಿ ಅವನ ಕೈಗೆ ಕೊಡ್ತೀನಿ. ಬಾಯಿಗೆ ಹೋಗುವಷ್ಟರಲ್ಲಿ ಅಂಗಿ ಎಷ್ಟು ಒದ್ದೆ ಆಯಿತು ಅಂತ ನೋಡ್ತೀನಿ. ಆಮೇಲೆ ನಾಡಿ, ಬಿಪಿ, ಜ್ವರ, ಗ್ಲೂಕೋಮೀಟರ್.

ಬಂದವರೆಲ್ಲ ಕೇಳೋದು "ಒಂದು ಬಾಟ್ಲು ಗ್ಲೂಕೋಸ್ ಹಾಕಿ ಮೇಡಂ". ಹಾಕುವ ಮೊದಲು ಥಯಮಿನ್ ಹೋಗಬೇಕು. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವನ ಮೈಯಲ್ಲಿ ಆ ವಿಟಮಿನ್ ಇರಲ್ಲ, ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳುತ್ತೆ. ಕಣ್ಣು ಒಂದೇ ಸಮ ಅದುರೋದು, ನಡಿಗೆ ತೂರಾಡೋದು, ಗಲಿಬಿಲಿ ಇವು ಕಂಡರೆ ಕಾಯಬೇಡಿ. ಸಕ್ಕರೆ ನಿಜವಾಗಿಯೂ ತುಂಬ ಇಳಿದಿದ್ದರೆ ಗ್ಲೂಕೋಸನ್ನೂ ತಡ ಮಾಡೋ ಹಾಗಿಲ್ಲ, ಎರಡನ್ನೂ ಒಟ್ಟಿಗೆ ಕೊಡಿಸಿ. ಕಣ್ಣು ಹಳದಿ, ಹೊಟ್ಟೆ ಊದಿದೆ ಅಂದರೆ ಡಾಕ್ಟರಿಗೆ ಮೊದಲೇ ಹೇಳಿ. ನಡುಕ, ಫಿಟ್ಸ್ ತಡೆಯೋಕೆ ಕೊಡುವ ಡಯಜೆಪಾಮ್ ಲಿವರ್ ಕೆಟ್ಟವರಿಗೆ ಮೈಯಲ್ಲೇ ನಿಂತುಬಿಡುತ್ತೆ, ಅಂಥವರಿಗೆ ಲೊರಾಜೆಪಾಮ್ ಬರೆಯುತ್ತಾರೆ.

ಫಿಟ್ಸ್ ಬಂದಾಗ ಇನ್ನೊಂದು ತಾಪತ್ರಯ. ನಮ್ಮ ಕಡೆ ಫಿಟ್ಸ್ ಅಂದರೆ ಕೈಗೆ ಕಬ್ಬಿಣ ಕೊಡಬೇಕು ಅಂತ ನಂಬಿಕೆ. ಜೈಲಿನಲ್ಲಿ ಕಬ್ಬಿಣಕ್ಕೇನು ಬರ? ಒಂದು ರಾತ್ರಿ ನಾನು ಓಡಿಹೋಗಿ ನೋಡಿದರೆ ಕಾವಲಿನವರು ಕಂಬಿಯ ಸಂದಿಯಿಂದ ಬೀಗದ ಕೈ ಗೊಂಚಲನ್ನೇ ಒಳಗೆ ಕೊಟ್ಟುಬಿಟ್ಟಿದ್ದರು. ಅವನು ಅದನ್ನು ಬಿಗಿಯಾಗಿ ಹಿಡಿದುಕೊಂಡು ಒದ್ದಾಡುತ್ತಿದ್ದ. ಬಾಗಿಲು ತೆಗೆಯೋಕೆ ಬೇಕಾಗಿದ್ದು ಅದೇ ಗೊಂಚಲು. ಈಗ ನೆನೆಸಿಕೊಂಡರೆ ನಗು ಬರುತ್ತೆ, ಅವತ್ತು ಬರಲಿಲ್ಲ. ಆಮೇಲಿಂದ ಪ್ರತಿ ಬ್ಯಾರಕ್‌ನಲ್ಲಿ ಇಬ್ಬರು ಬಂಧಿಗಳಿಗೆ ಹೇಳಿಕೊಟ್ಟಿದ್ದೇನೆ. ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಬಟ್ಟೆ ಇಡಿ, ಬಾಯಿಗೆ ಏನೂ ಹಾಕಬೇಡಿ, ಕೈಗೂ ಏನೂ ಬೇಡ, ಎಷ್ಟು ನಿಮಿಷ ಅಂತ ಎಣಿಸಿ, ಜೋರಾಗಿ ಕೂಗಿ. ಐದು ನಿಮಿಷ ದಾಟಿದರೆ ಹೊರಗಿನ ಆಸ್ಪತ್ರೆ. ಈ ಇಬ್ಬರನ್ನು ಆರಿಸುವಾಗ ವಯಸ್ಸಾದ, ನಿದ್ದೆ ಕಡಿಮೆ ಇರುವ ಸಜಾ ಬಂಧಿಗಳನ್ನು ನೋಡಿಕೊಳ್ಳಿ.

"ನಾಟಕ ಸಿಸ್ಟರ್"

ಇದನ್ನು ನೀವು ನೂರು ಸಲ ಕೇಳುತ್ತೀರಿ. ನಾಟಕ ಮಾಡುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಾಟಕ ಅಂತ ಬಿಟ್ಟು ಅದು ನಿಜ ಆದರೆ ಹೆಣ ಬೀಳುತ್ತೆ, ನಿಜ ಅಂತ ನಂಬಿ ಅದು ನಾಟಕ ಆದರೆ ನಿಮ್ಮ ಅರ್ಧ ಗಂಟೆ ಹೋಗುತ್ತೆ ಅಷ್ಟೇ.

ನಾನು ಸೇರಿದ ಎರಡನೇ ತಿಂಗಳು ಒಬ್ಬರು ಗಾರೆ ಕೆಲಸದ ಮೇಸ್ತ್ರಿ ಬಂದಿದ್ದರು. ಐವತ್ತರ ಹತ್ತಿರ ವಯಸ್ಸು. ಬಂದ ರಾತ್ರಿ ಕೈ ನಡುಗುತ್ತಿತ್ತು, ನಾನು ಬರೆದಿಟ್ಟೆ, ಆದರೆ ಟೈಮ್ ಕೇಳಿರಲಿಲ್ಲ. ಮೂರನೇ ರಾತ್ರಿ ವಾರ್ಡಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆ ಕಡೆ ಏನೋ ಮಾಡುತ್ತಿದ್ದರು. ಕಾವಲಿಗಿದ್ದವರು "ನಾಟಕ ಸಿಸ್ಟರ್, ಸಂಜೆಯಿಂದ ಹಿಂಗೇ" ಅಂದರು. ಹತ್ತಿರ ಹೋಗಿ ನೋಡಿದರೆ ಇಟ್ಟಿಗೆ ಕಟ್ಟುತ್ತಿದ್ದರು. ಬರಿ ಗಾಳಿಯಲ್ಲಿ. ಎಡಗೈಯಲ್ಲಿ ಇಟ್ಟಿಗೆ ಎತ್ತಿ, ಬಲಗೈಯಲ್ಲಿ ಕರಣೆ ಆಡಿಸಿ, ಮೇಲೆ ಎರಡು ಸಲ ತಟ್ಟಿ, ದಾರ ಹಿಡಿದು ಮಟ್ಟ ನೋಡುತ್ತಿದ್ದರು. ನನ್ನ ಕಡೆ ತಿರುಗದೆ "ಮಾಲ್ ಕೊಡಮ್ಮ, ಒಣಗ್ತಿದೆ" ಅಂದರು. ಮುಟ್ಟಿದರೆ ಮೈ ಕೆಂಡ, ನಾಡಿ 130. ಅದು ಸನ್ನಿ. ದಿನಾ ಮಾಡುವ ಕೆಲಸವನ್ನೇ ಸನ್ನಿಯಲ್ಲೂ ಮಾಡುತ್ತಾರೆ. ಡ್ರೈವರ್ ಸ್ಟಿಯರಿಂಗ್ ತಿರುಗಿಸುತ್ತಾನೆ, ದರ್ಜಿ ದಾರ ಪೋಣಿಸುತ್ತಾನೆ. ಅವರನ್ನು ಜಿಲ್ಲಾಸ್ಪತ್ರೆಗೆ ಕಳಿಸಿ ಉಳಿಸಿಕೊಂಡೆವು, ಆದರೆ ಹನ್ನೆರಡು ಗಂಟೆ ಮೊದಲೇ ಕಳಿಸಬಹುದಿತ್ತು. ಡಿಅಡಿಕ್ಷನ್ ವಾರ್ಡಿನಲ್ಲಿ ಎರಡು ವಾರ ನಿಂತು ನೋಡಿದ್ದರೆ ಅದು ನನಗೆ ಸಂಜೆಯೇ ಗೊತ್ತಾಗುತ್ತಿತ್ತು.

ಹಾಗಾಗಿ ಗಲಿಬಿಲಿ ಕಂಡರೆ ಮೂರು ಪ್ರಶ್ನೆ ಕೇಳಿ. ಇವತ್ತು ಯಾವ ವಾರ, ಇದು ಯಾವ ಜಾಗ, ನಾನು ಯಾರು? ಜೊತೆಗೆ ಜ್ವರ, ನಾಡಿ, ಸಕ್ಕರೆ ನೋಡಿ, ತಲೆಯನ್ನು ಎರಡೂ ಕೈಯಲ್ಲಿ ತಡವಿ ನೋಡಿ. ಬಿದ್ದಿರಬಹುದು, ಪೆಟ್ಟು ಬಿದ್ದಿರಬಹುದು, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೂ ಹೀಗೇ ಕಾಣುತ್ತೆ. ಗಾಯ ಕಂಡರೆ ಕಂಡ ಹಾಗೆ ಬರೆಯಿರಿ, ಅಳತೆ ಸಮೇತ. ಯಾರೋ ಬಂದು "ಅದನ್ನು ಬರೀಬೇಡಿ" ಅಂದರೂ ಬರೆಯಿರಿ.

ಹೊರಗೆ ಕಳಿಸೋಕೆ ಎಸ್ಕಾರ್ಟ್ ಬೇಕು. ಒಂದು ಗಂಟೆ ಅಂದರೆ ಮೂರು ಗಂಟೆ ಅಂತಲೇ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದರೆ ಆಗಲ್ಲ, ಬರೆದು ಟೈಮ್ ಹಾಕಿ ಕೊಟ್ಟು, ತಗೊಂಡವರ ಸಹಿ ತಗೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆ ಅಂತಲೇ ಸೇರಿಸಿದ್ದಾರೆ, 103ನೇ ಸೆಕ್ಷನ್ ಬಂಧಿಗಳಿಗೇ ಇದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 24ನೇ ನಿಯಮ, ಹೊರಗಿನವರಿಗೆ ಸಿಗುವ ಚಿಕಿತ್ಸೆಯೇ ಒಳಗಿನವರಿಗೂ ಸಿಗಬೇಕು, ನಶೆಯ ಚಿಕಿತ್ಸೆ ಮಧ್ಯದಲ್ಲಿ ನಿಲ್ಲಬಾರದು ಅನ್ನುತ್ತೆ. ಪತ್ರದಲ್ಲಿ ಇವನ್ನು ಒಂದು ಸಾಲು ಬರೆದರೆ ಕೆಲವೊಮ್ಮೆ ವ್ಯಾನ್ ಬೇಗ ಬರುತ್ತೆ.

ಮಾತ್ರೆ ಹಂಚೋದು

ಜೈಲಿನಲ್ಲಿ ಬೀಡಿಯೇ ದುಡ್ಡು. ಬೀಡಿ ಆದ ಮೇಲೆ ನಿಮ್ಮ ಮಾತ್ರೆ. ಒಂದು ಡಯಜೆಪಾಮ್‌ಗೆ ಒಳಗೆ ಬೆಲೆ ಇದೆ, ಅದು ನೆನಪಿರಲಿ.

ಒಬ್ಬೊಬ್ಬರನ್ನೇ ಕರೆಯಿರಿ. ನಿಮ್ಮ ಕಣ್ಣೆದುರು ನುಂಗಬೇಕು, ನೀರು ಕುಡಿಯಬೇಕು, ಬಾಯಿ ತೆರೆಯಬೇಕು, ನಾಲಿಗೆ ಮೇಲೆತ್ತಬೇಕು, ಕೆಳದುಟಿ ಎಳೆದು ತೋರಿಸಬೇಕು. ಆಮೇಲೆ ಎರಡು ಮಾತು ಆಡಿಸಿ, "ಊಟ ಆಯ್ತಾ? ಏನಿತ್ತು?" ಅಂತ. ಬಾಯಲ್ಲಿ ಮಾತ್ರೆ ಇಟ್ಟುಕೊಂಡು "ಮುದ್ದೆ, ಸಾರು" ಅನ್ನೋದು ಕಷ್ಟ. ಅಂಗಿಯ ಕಾಲರಿಗೆ ಕೆಮ್ಮೋರಿದ್ದಾರೆ, ಒಸಡಿನ ಹತ್ತಿರ ಹತ್ತಿ ಇಟ್ಟುಕೊಂಡು ಬರೋರಿದ್ದಾರೆ. ಡಾಕ್ಟರು ಒಪ್ಪಿದರೆ ಪುಡಿ ಮಾಡಿ ಕೊಡಿ.

ಸಿಕ್ಕಿಬಿದ್ದವನನ್ನು ಎಲ್ಲರ ಮುಂದೆ ಬೈಯಬೇಡಿ. ತುಂಬಾ ಸಲ ಅವನು ಮಾರೋಕೆ ಬಚ್ಚಿಟ್ಟಿರಲ್ಲ, ಬ್ಯಾರಕ್‌ನಲ್ಲಿ ಯಾವನೋ ದಾಂಡಿಗ "ತಂದುಕೊಡು, ಇಲ್ಲಾಂದ್ರೆ ನೋಡು" ಅಂದಿರುತ್ತಾನೆ. ಪಕ್ಕಕ್ಕೆ ಕರೆದು "ಯಾರಿಗೆ ಅಂತ ಹೇಳಬೇಡಿ, ನಿಮಗೆ ಯಾರಾದರೂ ಹೆದರಿಸ್ತಿದ್ದಾರಾ ಅಷ್ಟು ಹೇಳಿ" ಅನ್ನಿ. ಹೌದು ಅಂದರೆ ವಾರ್ಡಿನಲ್ಲೇ ಉಳಿಸಿಕೊಳ್ಳೋ ದಾರಿ ನೋಡಿ.

ಹೆರಾಯಿನ್, ಟಪೆಂಟಡಾಲ್ ತರದವು ಬಿಟ್ಟಾಗ ಆಗುವ ಹಿಂಸೆ ಬೇರೆ ಥರ. ಮೂಗು ಸೋರುತ್ತೆ, ಆಕಳಿಕೆ ನಿಲ್ಲಲ್ಲ, ಭೇದಿ, ಮೂಳೆ ಮೂಳೆ ನೋವು, ಮೈಯೆಲ್ಲ ಕೋಳಿ ಚರ್ಮದ ಹಾಗೆ. ಇದರಿಂದ ಸಾಯೋದು ಅಪರೂಪ, ಆದರೆ ವಾಂತಿ ಭೇದಿಯಿಂದ ಮೈಯಲ್ಲಿ ನೀರು ಬತ್ತಿ ಸತ್ತವರಿದ್ದಾರೆ, ಆದ್ದರಿಂದ ಓಆರ್‌ಎಸ್ ಕುಡಿಸೋದನ್ನ ಸಣ್ಣ ಕೆಲಸ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಬುಪ್ರೆನಾರ್ಫಿನ್, ಅಂದರೆ ಹೆರಾಯಿನ್ ತರದ್ದರ ಬದಲಿಗೆ ಕೊಡುವ ಮಾತ್ರೆ, ಕೊಡುವ ವ್ಯವಸ್ಥೆ ಇದ್ದರೆ ಒಳ್ಳೆಯದೇ. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಶುರು ಮಾಡಿದ್ದರು. ಮೊದಲ ಡೋಸಿಗೆ ಅವಸರ ಬೇಡ. ಕೊನೆಯ ಸಲ ತಗೊಂಡು ಕನಿಷ್ಠ 12 ಗಂಟೆ ಆಗಿರಬೇಕು, ಲಕ್ಷಣಗಳು ಚೆನ್ನಾಗಿ ಕಾಣಿಸಿಕೊಂಡಿರಬೇಕು. ಇಲ್ಲದಿದ್ದರೆ ಆ ಮಾತ್ರೆಯೇ ಹಿಂಸೆಯನ್ನು ಒಮ್ಮೆಲೇ ಎಳೆದು ತರುತ್ತೆ, ಆಮೇಲೆ ಅವನು ನಿಮ್ಮನ್ನೂ ನಂಬಲ್ಲ, ಮಾತ್ರೆಯನ್ನೂ ನಂಬಲ್ಲ. ನಾಲಿಗೆ ಕೆಳಗೆ ಕರಗೋಕೆ ಐದರಿಂದ ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಎದುರಿನ ಬೆಂಚಿನಲ್ಲೇ ಕೂರಿಸಿ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಈ ಮಾತ್ರೆಯ ಬಲ ಇಳಿಯುತ್ತೆ, ಮತ್ತೆ ಆಕಳಿಕೆ ಶುರುವಾದರೆ "ಇವನು ಜಾಸ್ತಿ ಕೇಳ್ತಿದ್ದಾನೆ" ಅಂದುಕೊಳ್ಳುವ ಮೊದಲು ಟಿಬಿ ಫೈಲ್ ನೋಡಿ. ಸೂಜಿ ಚುಚ್ಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆಗೆ ಒಪ್ಪಿಗೆ ತಗೊಂಡು ಮಾಡಿಸಿ.

ಹೆರಾಯಿನ್ ತರದ್ದರ ಓವರ್‌ಡೋಸ್ ಇಳಿಸುವ ನಲಾಕ್ಸೋನ್ ಆಂಪೂಲ್ ಎಲ್ಲಿದೆ, ಡೇಟ್ ಮುಗಿದಿದೆಯಾ, ಪ್ರತಿ ಶಿಫ್ಟಿನಲ್ಲೂ ನೋಡಿ. ಕಣ್ಣಿನ ಪಾಪೆ ಸೂಜಿಮೊನೆ, ಉಸಿರು ನಿಮಿಷಕ್ಕೆ ಏಳೆಂಟು, ತುಟಿ ನೀಲಿ ಅಂದರೆ ಮೊದಲು ಉಸಿರು ಕೊಡಿ, ಆಮೇಲೆ ಇಂಜೆಕ್ಷನ್. ಅದರ ಬಲ ಬೇಗ ಇಳಿಯುತ್ತೆ, ಎದ್ದು ಕೂತ ಅಂತ ವಾಪಸ್ ಕಳಿಸಬೇಡಿ. ಸಿರಿಂಜು, ಸೂಜಿ, ಕತ್ತರಿ ಶಿಫ್ಟಿಗೆ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ಎಣಿಸಿ.

ಗಾಂಜಾ ಬಿಟ್ಟವರಿಗೆ ನಿದ್ದೆ ಇಲ್ಲ, ಊಟ ಸೇರಲ್ಲ, ಸಿಟ್ಟು. ಎರಡು ವಾರ. ಜೀವಕ್ಕೆ ಅಪಾಯ ಇಲ್ಲ. ಎಂಡಿಎಂಎ ಹುಡುಗರು ಮೊದಲ ಎರಡು ಮೂರು ದಿನ ಬರೀ ಮಲಗುತ್ತಾರೆ, ಎದ್ದ ಮೇಲೆ ಮನಸ್ಸು ಪಾತಾಳಕ್ಕೆ ಇಳಿದಿರುತ್ತೆ, ಆಗ ಒಬ್ಬರನ್ನೇ ಬಿಡಬೇಡಿ. ಯಾವುದೇ ನಶೆಯವರಾಗಲಿ, ಒಳಗೆ ಬಂದ ಮೊದಲ ವಾರ "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋದು ಸುಳ್ಳು.

ಬೀಡಿ, ಹನ್ಸ್, ಗುಟ್ಕಾ ಬಗ್ಗೆ ಒಂದೇ ವಿಷಯ. ಮಾನಸಿಕ ಕಾಯಿಲೆಗೆ ಒಲಾಂಜಪಿನ್ ತಗೊಳ್ಳುವವರು ಬೀಡಿ ತಟ್ಟನೆ ಬಿಟ್ಟರೆ ರಕ್ತದಲ್ಲಿ ಆ ಮಾತ್ರೆಯ ಮಟ್ಟ ಏರುತ್ತೆ. ಬೀಡಿ ಬಿಟ್ಟ ಖುಷಿಯಲ್ಲಿ ಡಾಕ್ಟರಿಗೆ ಹೇಳೋದು ಮರೆಯಬೇಡಿ.

ನಿಮ್ಮನ್ನು ನೀವು ಕಾಯ್ದುಕೊಳ್ಳೋದು

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಒಬ್ಬ ಹುಡುಗ, ತುಂಬಾ ಮರ್ಯಾದಸ್ಥ, "ಅಕ್ಕಾ, ನಮ್ಮ ಹೆಂಡತಿ ತುಂಬು ಗರ್ಭಿಣಿ, ಚೆನ್ನಾಗಿದೀನಿ ಅಂತ ಒಂದು ಫೋನ್ ಮಾಡಿ ಸಾಕು" ಅಂದ. ಮನೆಗೆ ಹೋದ ಮೇಲೆ ಮಾಡಿದೆ. ಎರಡು ನಿಮಿಷದ ಮಾತು. ಮುಂದಿನ ವಾರ "ಅಕ್ಕಾ, ಆ ನಿದ್ದೆ ಮಾತ್ರೆ ಎರಡು ಜಾಸ್ತಿ" ಅಂದ. ಆಗಲ್ಲ ಅಂದಾಗ, ನಗುತ್ತಲೇ, "ಆವತ್ತು ಫೋನ್ ಮಾಡಿದ್ದು ಸಾಹೇಬರಿಗೆ ಗೊತ್ತಾ ಅಕ್ಕಾ?" ಅಂದ. ಅವತ್ತು ಮಧ್ಯಾಹ್ನವೇ ನಾನೇ ಹೋಗಿ ಡಾಕ್ಟರಿಗೂ ಸೂಪರಿಂಟೆಂಡೆಂಟರಿಗೂ ಬರೆದುಕೊಟ್ಟೆ. ಬೈಸಿಕೊಂಡೆ. ಆದರೆ ಅವನ ಕೈಯಲ್ಲಿದ್ದ ದಾರ ಅಲ್ಲಿಗೇ ಕಡಿಯಿತು. ಫೋನು, ಕಾಗದ, ಚಾಕಲೇಟು, ಏನೂ ಒಳಗೆ ಹೊರಗೆ ಆಗಬಾರದು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕಾದರೆ ಜೈಲಿನ ಫೋನ್ ಇದೆ, ವೆಲ್ಫೇರ್ ಆಫೀಸರ್ ಇದ್ದಾರೆ. ನಿಮ್ಮ ಊರು, ಮಕ್ಕಳ ಸ್ಕೂಲು, ಗಂಡನ ಕೆಲಸ ಯಾರಿಗೂ ಹೇಳಬೇಡಿ. ಕುರ್ಚಿ ಯಾವಾಗಲೂ ಬಾಗಿಲ ಹತ್ತಿರ ಇರಲಿ.

ಇನ್ನೊಂದು ಕಡೆಯಿಂದಲೂ ಒತ್ತಡ ಬರುತ್ತೆ. "ನಿಮ್ಮ ಹತ್ತಿರ ಬಾಯಿ ಬಿಡ್ತಾರೆ, ಒಳಗೆ ಯಾರು ಗಾಂಜಾ ತರಿಸ್ತಿದ್ದಾರೆ ಕೇಳಿ ಹೇಳಿ ಸಿಸ್ಟರ್" ಅಂತ. ನಾನು ಹೇಳಲ್ಲ. ಒಂದು ಸಲ ಹೇಳಿದರೆ ಮರುದಿನದಿಂದ ಗೇಟಿನಲ್ಲಿ ಯಾರೂ ಕೊನೆಯ ಗುಟುಕಿನ ಟೈಮ್ ಹೇಳಲ್ಲ. ಯಾರದ್ದಾದರೂ ಜೀವಕ್ಕೆ ಅಪಾಯ ಇದೆ, ಆಯುಧ ಇದೆ ಅಂದರೆ ಮಾತ್ರ ಹೇಳುತ್ತೇನೆ, ಹಾಗೆ ಹೇಳುತ್ತೇನೆ ಅಂತ ಬಂಧಿಗೂ ಮೊದಲೇ ತಿಳಿಸಿರುತ್ತೇನೆ.

ಬೇಲ್ ವಿಷಯಕ್ಕೆ ಬಾಯಿ ಹಾಕಬೇಡಿ. ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಸೆಕ್ಷನ್ ಪ್ರಕಾರ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಸಿಗಲು ಅವಕಾಶ ಇದೆ. ಯಾರಾದರೂ ಕೇಳಿದರೆ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಹತ್ತಿರ ಕಳಿಸಿ. "ನಾನು ಬರೆದುಕೊಡ್ತೀನಿ, ಬಿಟ್ಟುಬಿಡ್ತಾರೆ" ಅಂತ ಮಾತ್ರ ಅನ್ನಬೇಡಿ.

ನಡುವಿನ ತಿಂಗಳುಗಳು

ಇಲ್ಲಿ ದೊಡ್ಡ ಸಾಹಸ ಏನೂ ಇಲ್ಲ. ವಾರಕ್ಕೊಮ್ಮೆ ಕೂರಿಸಿ ಮಾತಾಡಿಸೋದು. ಬುದ್ಧಿ ಹೇಳಬೇಡಿ, ಅದನ್ನು ಹೆಂಡತಿ, ತಾಯಿ, ಜಡ್ಜ್ ಎಲ್ಲರೂ ಹೇಳಿ ಆಗಿದೆ. "ಕುಡಿದಾಗ ಏನು ಚೆನ್ನಾಗಿರ್ತಿತ್ತು?" ಅಂತ ಕೇಳಿ, ಬೆಚ್ಚಿಬೀಳುತ್ತಾರೆ. ಆಮೇಲೆ ಚೆನ್ನಾಗಿರದ್ದನ್ನು ಅವರೇ ಹೇಳುತ್ತಾರೆ. ಕೋರ್ಟ್ ಡೇಟಿನ ಹಿಂದಿನ ರಾತ್ರಿ, ಬೇಲ್ ರಿಜೆಕ್ಟ್ ಆದ ದಿನ, ಮನೆಯವರು ಬರ್ತೀನಿ ಅಂದು ಬಾರದ ಭಾನುವಾರ, ಯುಗಾದಿ ಮಾರನೆಯ ಹೊಸತೊಡಕು, ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ದಿನ ಸುಮ್ನೆ ಹೋಗಿ ಮಾತಾಡಿಸಿ.

ಬಿಡುಗಡೆಯ ಸಂಜೆ

ವಿಚಾರಣಾಧೀನ ಬಂಧಿ ಯಾವತ್ತು ಹೋಗುತ್ತಾನೆ ಅಂತ ಅವನಿಗೂ ಗೊತ್ತಿರಲ್ಲ. ಸಂಜೆ ಆರ್ಡರ್ ಬರುತ್ತೆ, ಏಳಕ್ಕೆ ಗೇಟು ದಾಟುತ್ತಾನೆ, ನೀವು ಬೆಳಗ್ಗೆ ಬಂದು ಬೆಡ್ ಖಾಲಿ ನೋಡುತ್ತೀರಿ. ಅದಕ್ಕೇ ಬಿಡುಗಡೆಯ ಚೀಟಿಯನ್ನು ಬಂದ ವಾರವೇ ಬರೆದು ಫೈಲಿಗೆ ಪಿನ್ ಮಾಡಿಡಿ, ಮಾತ್ರೆ ಬದಲಾದಾಗ ತಿದ್ದುತ್ತಾ ಹೋಗಿ. ಐದು ದಿನದ ಮಾತ್ರೆ ಕವರಿನಲ್ಲಿ ಹಾಕಿಟ್ಟು, ಗೇಟಿನ ಸಿಬ್ಬಂದಿಗೆ ಹೇಳಿಡಿ. ಆದರೆ ನಿದ್ದೆ ಮಾತ್ರೆ, ಬುಪ್ರೆನಾರ್ಫಿನ್ ಹಾಗೆ ಕೊಡುವಂತಿಲ್ಲ, ಅದಕ್ಕೆ ಎಲ್ಲಿಗೆ ಹೋಗಬೇಕು ಅನ್ನೋದು ಚೀಟಿಯಲ್ಲಿರಲಿ.

ಜೈಲಿನ ಸೀಲು ಇರುವ ಚೀಟಿಯನ್ನು ಅವರು ಎಲ್ಲೂ ತೋರಿಸಲ್ಲ. ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಹರಿದು ಬಿಸಾಕಿರುತ್ತಾರೆ. ಡಾಕ್ಟರನ್ನು ಕೇಳಿ ಬಿಳಿ ಹಾಳೆಯಲ್ಲಿ ಅವರ ಹೆಸರು, ರಿಜಿಸ್ಟ್ರೇಷನ್ ನಂಬರ್, ಕಾಯಿಲೆ, ಮಾತ್ರೆ ಮಾತ್ರ ಬರೆಸಿ. ಅವರ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುವ ಮಂಗಳವಾರ ಯಾವುದು, ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಎಲ್ಲಿ ಸಿಗುತ್ತಾರೆ, ಹತ್ತಿರದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆ ಎಲ್ಲಿ ಅಂತ ವಿಚಾರಿಸಿ ಸೇರಿಸಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಎರಡನ್ನೂ ದೊಡ್ಡ ಅಂಕಿಯಲ್ಲಿ ಬರೆಯಿರಿ.

ಕಾಗದ ಕಳೆದರೂ ಕಳೆಯಬಾರದ ಮಾತು ಒಂದಿದೆ. ಹೆರಾಯಿನ್, ನೋವಿನ ಮಾತ್ರೆ ತಗೊಳ್ಳುತ್ತಿದ್ದವರಿಗೆ ಕೂರಿಸಿಕೊಂಡು ಹೇಳಿ: "ಮೊದಲು ಎಷ್ಟು ತಗೊಳ್ತಿದ್ರೋ ಈಗ ಅಷ್ಟು ತಡೆಯೋ ಶಕ್ತಿ ಮೈಗಿಲ್ಲ. ಅಷ್ಟೇ ತಗೊಂಡ್ರೆ ಉಸಿರು ನಿಲ್ಲುತ್ತೆ." ಬಿಡುಗಡೆಯಾದ ಮೊದಲ ಎರಡು ವಾರದಲ್ಲೇ ಓವರ್‌ಡೋಸಿನಿಂದ ಸಾಯುವವರು ಹೆಚ್ಚು. ಇದನ್ನು ಹೇಳಿದರೆ ತಗೊಳ್ಳೋಕೆ ದಾರಿ ತೋರಿಸಿದ ಹಾಗಾಗುತ್ತೆ ಅಂತ ಒಬ್ಬ ಹಿರಿಯರು ನನ್ನ ಜೊತೆ ಜಗಳ ಆಡಿದ್ದರು. ನಾನು ಈಗಲೂ ಹೇಳುತ್ತೇನೆ, ಬೇಲ್ ಅರ್ಜಿ ಹಾಕಿದ ದಿನವೇ ಒಮ್ಮೆ, ಆಮೇಲೆ ಸಿಕ್ಕಾಗಲೆಲ್ಲ ಒಮ್ಮೆ. ಮನೆಯವರಿಗೂ ಹೇಳಬೇಕು ಅಂದರೆ ಅವನ ಒಪ್ಪಿಗೆ ಕೇಳಿ. ಹೆಂಡತಿಗೆ ಇನ್ನೊಂದು ಮಾತು, ಕುಡಿತ ಬಿಡಿಸೋಕೆ ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗೊತ್ತಿಲ್ಲದ ಹಾಗೆ ಸಾರಿಗೆ ಬೆರೆಸಿ ಹಾಕಬೇಡಿ ಅಂತ. ಅದರ ಮೇಲೆ ಅವನು ಕುಡಿದರೆ ಪ್ರಾಣಕ್ಕೇ ಬರಬಹುದು.

ಕೆ‌ಲವರು ವಾಪಸ್ ಬರುತ್ತಾರೆ. ಆ ಮೇಸ್ತ್ರಿಯೂ ಎಂಟು ತಿಂಗಳಿಗೆ ಬಂದರು, ಅದೇ ಸಂಜೆ ಹೊತ್ತು, ಅದೇ ಸಾಲಿನಲ್ಲಿ ಕೊನೆಗೆ, ನನ್ನ ಮುಖ ನೋಡದೆ ನಿಂತಿದ್ದರು. "ಮತ್ತೆ ಬಂದ್ರಾ" ಅಂತ ಕೇಳೋಕೆ ಹೋಗಬೇಡಿ, ಅದನ್ನು ಗೇಟಿನಿಂದ ಇಲ್ಲಿವರೆಗೆ ನಾಲ್ಕು ಜನ ಕೇಳಿರುತ್ತಾರೆ. ಹಳೇ ಫೈಲ್ ತೆಗೆಸಿ. ಹಿಂದೆ ಸನ್ನಿ ಆಗಿತ್ತು ಅಂತ ಮೊದಲ ಪುಟದಲ್ಲೇ ಕೆಂಪಲ್ಲಿ ಬರೆದಿದ್ದೆ. ಪೊಲೀಸರನ್ನು ದೂರ ನಿಲ್ಲಿಸಿ, ಲೋಟಕ್ಕೆ ನೀರು ತುಂಬಿ ಕೊಟ್ಟು, ಕೊನೆಗೆ ಎಷ್ಟು ಹೊತ್ತಿಗೆ ಅಂತ ಕೇಳಿದೆ. "ನಿನ್ನೆ ಬೆಳಗ್ಗೆ ಒಂಬತ್ತಕ್ಕಮ್ಮ" ಅಂದರು. ಮೂವತ್ನಾಲ್ಕು ಗಂಟೆ. ಬ್ಯಾರಕ್ ಪಟ್ಟಿಯಿಂದ ಹೆಸರು ತೆಗೆಸಿ ವಾರ್ಡಿಗೆ ಬರೆದೆ.